ಲಘು ವಿಮಾನದ ಎಂಜಿನ್ನಿನಲ್ಲಿ ಕಿಡಿ ಕೆಡದಂತೆ ಕಾಯುವ ಬಗೆ

ಆಟಿ ತಿಂಗಳ ಮಳೆಯಲ್ಲಿ ಕೊಟ್ಟಾರ ಚೌಕಿಯ ಬದಿಯಲ್ಲಿ ಸ್ಕೂಟರು ನಿಲ್ಲಿಸಿಕೊಂಡು, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಬಟ್ಟೆಯಿಂದ ಒರೆಸಿ, ಮರಳುಕಾಗದದಿಂದ ತಿಕ್ಕಿ, ಮತ್ತೆ ಮತ್ತೆ ಒದೆಯುತ್ತಿದ್ದವರ ಚಿತ್ರ ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಗಾಳಿ ಇದೆ, ಪೆಟ್ರೋಲು ಇದೆ. ಆದರೆ ಸಕಾಲಕ್ಕೆ ಕಿಡಿ ಇಲ್ಲ. ಆ ಒಂದರ ಅಭಾವದಿಂದ ಯಂತ್ರವೆಲ್ಲವೂ ನಿರ್ಜೀವವಾಗುತ್ತಿತ್ತು. ಮಳೆಯಲ್ಲಿ ನಿಂತ ಸ್ಕೂಟರನ್ನು ಮನೆಯವರೆಗೆ ತಳ್ಳಿಕೊಂಡು ಹೋಗಬಹುದು. ಒಂದೇ ಎಂಜಿನ್ನಿನ ಲಘು ವಿಮಾನದಲ್ಲಿ ಕಿಡಿ ನಿಂತರೆ, ಚಾಲಕನಿಗೆ ಉಳಿಯುವುದು ತೇಲಿ ಇಳಿಯುವ ಕೆಲವೇ ನಿಮಿಷಗಳು ಮಾತ್ರ. ಈ ಅಪಾಯವನ್ನು ತಡೆಯಲು ಎಂಜಿನ್ ನಿರ್ಮಾಪಕರು ಮಾಡಿರುವ ಏರ್ಪಾಡು ಯಾವುದು, ಆ ಏರ್ಪಾಡು ವಿಫಲವಾಗದಂತೆ ನೋಡಿಕೊಳ್ಳುವ ಬಗೆ ಹೇಗೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಕೊಟ್ಟಾರಕ್ಕೆ ಬಹು ದೂರವಲ್ಲದ ಬಜ್ಪೆಯ ವಿಮಾನ ನಿಲ್ದಾಣವು 1951ರ ಡಿಸೆಂಬರ್ 25ರಂದು ಆರಂಭವಾಯಿತು. ಇಂದು ಅಲ್ಲಿ ಬಂದಿಳಿಯುವ ದೊಡ್ಡ ಜೆಟ್ ವಿಮಾನಗಳಿಗೆ ಎಡೆಬಿಡದ ಕಿಡಿ ಬೇಕಿಲ್ಲ. ಒಮ್ಮೆ ಹೊತ್ತಿದ ಜ್ವಾಲೆ ಅವುಗಳಲ್ಲಿ ತಾನಾಗಿಯೇ ಮುಂದುವರಿಯುತ್ತದೆ. ಆದರೆ ವಿಮಾನ ಚಾಲನೆಯನ್ನು ಕಲಿಸುವ ಸಣ್ಣ ವಿಮಾನಗಳ ಸ್ಥಿತಿ ಬೇರೆ. ಇಂಥ ವಿಮಾನಗಳ ನಿರ್ಮಾಣದಲ್ಲಿ ಕರ್ನಾಟಕಕ್ಕೆ ಹಿರಿಯ ಸ್ಥಾನವಿದೆ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌.ಟಿ.-2 ತರಬೇತಿ ವಿಮಾನವು 1951ರ ಆಗಸ್ಟ್ 5ರಂದು ಮೊದಲ ಬಾರಿಗೆ ಹಾರಿತು. ಅದೇ ಕಾರ್ಖಾನೆಯ ‘ಪುಷ್ಪಕ್’ 1958ರಲ್ಲಿ ಹಾರಿ, ಮುಂದೆ ದೇಶದ ಅನೇಕ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ತರುಣರಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸಿತು. ಪುಷ್ಪಕ್‌ನಲ್ಲಿದ್ದುದು 90 ಅಶ್ವಶಕ್ತಿಯ, ನಾಲ್ಕು ಸಿಲಿಂಡರುಗಳ ಕಾಂಟಿನೆಂಟಲ್ ಎಂಜಿನ್. ನಮ್ಮ ಪಾಠಕ್ಕೆ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕಿಡಿ ಹುಟ್ಟುವ ಬಗೆ

ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವನ್ನು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. ಮ್ಯಾಗ್ನೆಟೊ ಎಂಬ ಉಪಕರಣವು ಆ ತತ್ತ್ವದ ಮೂರ್ತರೂಪ. ಎಂಜಿನ್ ತಿರುಗಿದಂತೆ ಅದರೊಳಗಿನ ಶಾಶ್ವತ ಅಯಸ್ಕಾಂತವೂ ತಿರುಗಿ, ಪ್ರಾಥಮಿಕ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ತಕ್ಕ ಕ್ಷಣದಲ್ಲಿ ಪಾಯಿಂಟುಗಳು ತೆರೆದುಕೊಂಡು ಆ ಪ್ರವಾಹವನ್ನು ಥಟ್ಟನೆ ಕಡಿಯುತ್ತವೆ. ಆಗ ಸಾವಿರಾರು ಸುತ್ತುಗಳುಳ್ಳ ದ್ವಿತೀಯಕ ಸುರುಳಿಯಲ್ಲಿ ಹಲವು ಸಾವಿರ ವೋಲ್ಟುಗಳ ಒತ್ತಡ ಉಂಟಾಗಿ, ಡಿಸ್ಟ್ರಿಬ್ಯೂಟರಿನ ಮೂಲಕ ಸರದಿಯಂತೆ ಪ್ರತಿ ಸಿಲಿಂಡರಿನ ಪ್ಲಗ್ಗಿಗೆ ಹರಿಯುತ್ತದೆ. ಇದಕ್ಕೆ ಬ್ಯಾಟರಿಯ ನೆರವು ಬೇಡ. ವಿಮಾನದ ವಿದ್ಯುದ್ವ್ಯವಸ್ಥೆಯೆಲ್ಲವೂ ಕೆಟ್ಟರೂ ಎಂಜಿನ್ ತಿರುಗುವವರೆಗೆ ಕಿಡಿ ತಪ್ಪದು.

ನಾಲ್ಕು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದು ಮ್ಯಾಗ್ನೆಟೊ 4000 ಕಿಡಿಗಳನ್ನು ಕೊಡಬೇಕು. ಇಷ್ಟು ದುಡಿಯುವ ಯಂತ್ರ ಎಂದಾದರೂ ಸೋಲಬಹುದೆಂದೇ ವಿಮಾನದ ಎಂಜಿನ್ನಿಗೆ ಎರಡು ಮ್ಯಾಗ್ನೆಟೊಗಳನ್ನೂ, ಪ್ರತಿ ಸಿಲಿಂಡರಿಗೆ ಎರಡು ಪ್ಲಗ್ಗುಗಳನ್ನೂ ಇಟ್ಟಿದ್ದಾರೆ. ಒಂದು ಸೋತರೆ ಇನ್ನೊಂದು ಕಾಯುತ್ತದೆ. ಎರಡೂ ಕೂಡಿದಾಗ ಇಂಧನವು ಎರಡು ಕಡೆಗಳಿಂದ ಹೊತ್ತಿ, ದಹನ ಬೇಗ ಮುಗಿದು, ಶಕ್ತಿಯೂ ತುಸು ಹೆಚ್ಚು ದೊರೆಯುತ್ತದೆ.

ಜೋಡಿಯ ಒಳಗಿನ ಅಪಾಯ

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಜೋಡೆತ್ತುಗಳಲ್ಲಿ ಒಂದು ಸೋತರೂ ಬಂಡಿ ಮುಂದೆ ಸಾಗುತ್ತದೆ. ಬಂಡಿಯಲ್ಲಿ ಕುಳಿತವನಿಗೆ ಅದು ತಿಳಿಯದೇ ಹೋಗಬಹುದು. ಒಂದು ಮ್ಯಾಗ್ನೆಟೊದ ದೋಷವನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಹೀಗೆ ರಕ್ಷಣೆಗೆಂದು ಇಟ್ಟ ಎರಡನೆಯದೇ ಮೊದಲನೆಯದರ ಕಾಯಿಲೆಯನ್ನು ಮರೆಮಾಡಿದಂತಾಗುತ್ತದೆ. ಆದುದರಿಂದ ಪ್ರತಿ ಹಾರಾಟಕ್ಕೆ ಮುನ್ನ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಈ ಪರೀಕ್ಷೆ ಸರಳವಾದುದು. ತರಬೇತಿ ಶಾಲೆಗಳಲ್ಲಿ ಬಹು ಪರಿಚಿತವಾದ ಸೆಸ್ನಾ 152 ವಿಮಾನದಲ್ಲಿ ಎಂಜಿನ್ನನ್ನು ನಿಮಿಷಕ್ಕೆ 1700 ಸುತ್ತಿಗೆ ತಂದು, ಒಂದು ಮ್ಯಾಗ್ನೆಟೊವನ್ನು ಮಾತ್ರ ಉಳಿಸಿ ನೋಡುತ್ತಾರೆ, ಬಳಿಕ ಇನ್ನೊಂದನ್ನು. ವೇಗದ ಇಳಿತ 125 ಸುತ್ತನ್ನು ಮೀರಬಾರದು; ಎರಡರ ಇಳಿತಗಳ ನಡುವಣ ಅಂತರ 50ನ್ನು ಮೀರಬಾರದು. ಈ ಅಂಕಿಗಳು ವಿಮಾನದಿಂದ ವಿಮಾನಕ್ಕೆ ಬೇರೆಯಾಗುವುದರಿಂದ ಆಯಾ ಕೈಪಿಡಿಯೇ ಪ್ರಮಾಣ. ಇಳಿತ ಹೆಚ್ಚಾಗಿ ಎಂಜಿನ್ ನಡುಗಿದರೆ, ಬಹುಮಟ್ಟಿಗೆ ಅದು ಮಸಿ ಹಿಡಿದ ಪ್ಲಗ್ಗಿನ ಲಕ್ಷಣ. ಕೈಪಿಡಿ ಹೇಳಿದ ಕ್ರಮದಲ್ಲಿ ಮಿಶ್ರಣದ ಇಂಧನವನ್ನು ತಗ್ಗಿಸಿ, ಕೆಲಕಾಲ ವೇಗವಾಗಿ ಓಡಿಸಿ ಮಸಿಯನ್ನು ಸುಡಬಹುದು. ಅಷ್ಟಾದರೂ ಸರಿಯಾಗದಿದ್ದರೆ ಹಾರಾಟವನ್ನು ಕೈಬಿಡುವುದೇ ವಿವೇಕ.

ಇಳಿತ ಹೆಚ್ಚಾದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಇಳಿತವೇ ಇಲ್ಲದಿದ್ದರೆ ಹೊಸಬರು ಸಂತೋಷಪಡುತ್ತಾರೆ. ಆ ಸಂತೋಷ ಸಲ್ಲದು. ಮನೆಯ ದೀಪದ ತಂತಿ ತುಂಡಾದರೆ ದೀಪ ಆರುತ್ತದೆ. ಮ್ಯಾಗ್ನೆಟೊದಲ್ಲಿ ಇದು ತಲೆಕೆಳಗು. ಚಾಲಕ ಸ್ವಿಚ್ಚನ್ನು ಆರಿಸಿದಾಗ ಪ್ರಾಥಮಿಕ ಸುರುಳಿಯು ತಂತಿಯೊಂದರ ಮೂಲಕ ಎಂಜಿನ್ನಿನ ಮೈಗೆ ಸೇರಿ ನಿಷ್ಕ್ರಿಯವಾಗುತ್ತದೆ. ಆ ತಂತಿ ತುಂಡಾಗಿದ್ದರೆ ಸ್ವಿಚ್ಚು ಆರಿದ್ದರೂ ಮ್ಯಾಗ್ನೆಟೊ ಜೀವಂತ. ನಿಂತ ವಿಮಾನದ ಪ್ರೊಪೆಲ್ಲರನ್ನು ಯಾರಾದರೂ ಕೈಯಿಂದ ತುಸು ತಿರುಗಿಸಿದರೆ ಎಂಜಿನ್ ಹೊತ್ತಿಕೊಂಡು ಪ್ರಾಣಾಪಾಯ ಒದಗಬಹುದು. ಕಿಡಿಯ ಕಾಲ ಅತಿಯಾಗಿ ಮುಂದಾಗಿರುವಾಗಲೂ ಇಳಿತ ಕಡಿಮೆಯಾಗಿ ಕಾಣುವುದುಂಟು. ಸ್ವಿಚ್ಚಿನ ಸ್ಥಿತಿ ಏನೇ ಇರಲಿ, ಪ್ರತಿ ಪ್ರೊಪೆಲ್ಲರೂ ಯಾವ ಕ್ಷಣದಲ್ಲಾದರೂ ತಿರುಗಬಹುದೆಂದು ಭಾವಿಸಿಯೇ ಅದರ ಬಳಿ ಹೋಗಬೇಕೆಂಬ ನಿಯಮ ಹುಟ್ಟಿದ್ದು ಈ ಕಾರಣದಿಂದ.

ಆರೈಕೆಯ ಕ್ರಮ

ಪ್ಲಗ್ಗುಗಳ ಮುಖ್ಯ ಶತ್ರುಗಳು ಮಸಿ, ಎಣ್ಣೆ ಮತ್ತು ಸೀಸ. ವಿಮಾನದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವಿರುವುದರಿಂದ, ವಿಶೇಷವಾಗಿ ಸಿಲಿಂಡರಿನ ಕೆಳಭಾಗದ ಪ್ಲಗ್ಗುಗಳಲ್ಲಿ ಸೀಸದ ಸಣ್ಣ ಉಂಡೆಗಳು ಕೂಡುತ್ತವೆ. ನೆಲದ ಮೇಲೆ ಎಂಜಿನ್ನನ್ನು ಬಹಳ ಹೊತ್ತು ನಿಧಾನವಾಗಿ ಓಡಿಸದಿರುವುದು, ಕೈಪಿಡಿ ಒಪ್ಪುವಲ್ಲಿ ಮಿಶ್ರಣವನ್ನು ತೆಳುವಾಗಿಸುವುದು ಇದಕ್ಕೆ ಪರಿಹಾರ. ನಿಗದಿತ ಗಂಟೆಗಳಿಗೊಮ್ಮೆ ಪ್ಲಗ್ಗನ್ನು ಬಿಚ್ಚಿ, ಶುಚಿಗೊಳಿಸಿ, ತುದಿಗಳ ನಡುವಣ ಸಂದನ್ನು ಅಳೆಯಬೇಕು. ಅದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಸಂದು ಸವೆದು ಹಿಗ್ಗಿದರೆ ಕಿಡಿಗೆ ಹೆಚ್ಚು ಒತ್ತಡ ಬೇಕಾಗಿ ಮ್ಯಾಗ್ನೆಟೊದ ನಿರೋಧಕಗಳೂ ಬಳಲುತ್ತವೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನು ಮತ್ತೆ ಬಳಸಬಾರದು. ಒಳಗಿನ ಪಿಂಗಾಣಿಯ ಬಿರುಕು ಕಣ್ಣಿಗೆ ಕಾಣದು.

ತೇವವು ಇನ್ನೊಂದು ಶತ್ರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಂಥ ಕಡೆ ಇದನ್ನು ಮರೆಯಲಾಗದು. ಡಿಸ್ಟ್ರಿಬ್ಯೂಟರಿನೊಳಗೆ ತೇವ, ಧೂಳು ಸೇರಿದರೆ ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಅಡ್ಡದಾರಿ ಹಿಡಿಯುತ್ತದೆ. ಒಮ್ಮೆ ಹರಿದ ದಾರಿಯಲ್ಲಿ ಇಂಗಾಲದ ಗೆರೆ ಬಿದ್ದು ಅದೇ ಖಾಯಂ ದಾರಿಯಾಗುತ್ತದೆ. ಕಿಡಿತಂತಿಗಳ ಹೊದಿಕೆ ಉಜ್ಜಿ ಸವೆದಾಗಲೂ ಹೀಗೆಯೇ. ಪಾಯಿಂಟುಗಳು ಸವೆದರೆ ಕಿಡಿಯ ಕಾಲ ಕೆಡುತ್ತದೆ. ಇವು ಯಾವುವೂ ಹೊರಗಿನಿಂದ ಕಾಣದ ಕಾರಣ, ಪ್ರಚಲಿತ ಮ್ಯಾಗ್ನೆಟೊಗಳಲ್ಲಿ ಅನೇಕವನ್ನು 500 ಗಂಟೆಗಳಿಗೊಮ್ಮೆ ಬಿಚ್ಚಿ ಪರೀಕ್ಷಿಸಬೇಕೆಂದು ನಿರ್ಮಾಪಕರು ವಿಧಿಸಿದ್ದಾರೆ. ‘ಚೆನ್ನಾಗಿಯೇ ಓಡುತ್ತಿದೆಯಲ್ಲ’ ಎಂದು ಈ ಪರೀಕ್ಷೆಯನ್ನು ಮುಂದೂಡುವುದು ಜೋಡಿಯ ಮರೆಯಲ್ಲಿ ದೋಷವನ್ನು ಸಾಕಿದಂತೆ.

ಕಾಲ ಬದಲಾಗಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ‘ಹಂಸ’ದ ಹೊಸ ಆವೃತ್ತಿಯು 2021ರ ಸೆಪ್ಟೆಂಬರ್ 3ರಂದು ಹಾರಿದಾಗ ಅದರ ರೋಟ್ಯಾಕ್ಸ್ ಎಂಜಿನ್ನಿನಲ್ಲಿ ಪಾಯಿಂಟುಗಳ ಬದಲು ಇಲೆಕ್ಟ್ರಾನಿಕ್ ವ್ಯವಸ್ಥೆಯಿತ್ತು. ಸವೆಯುವ ಭಾಗಗಳು ಕಡಿಮೆಯಾದವು. ಆದರೆ ಅಂಥ ಎಂಜಿನ್ನಿಗೆ ವಿದ್ಯುತ್ ಪೂರೈಕೆಯೇ ಪ್ರಾಣವಾದುದರಿಂದ ಅದನ್ನು ಕಾಯುವ ಹೊಸ ಹೊಣೆ ಬಂದಿತು. ಅಲ್ಲಿಯೂ ಕಿಡಿಯ ಏರ್ಪಾಡು ಜೋಡಿಯೇ. ಅಲ್ಲಿಯೂ ಒಂದೊಂದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಗುಜರಿಯಲ್ಲಿ ದೊರೆಯುವ ಹಳೆಯ ಸ್ಕೂಟರಿನ ಮ್ಯಾಗ್ನೆಟೊ ಒಂದನ್ನು ಶಾಲೆಯ ಪ್ರಯೋಗಾಲಯಕ್ಕೆ ತಂದಿರಿಸಿದರೆ, ಅದರ ಅಯಸ್ಕಾಂತ, ಸುರುಳಿ, ಪಾಯಿಂಟುಗಳನ್ನು ಬಿಚ್ಚಿ ತೋರಿಸಿ ಫ್ಯಾರಡೆಯ ತತ್ತ್ವವನ್ನು ಮಕ್ಕಳ ಕಣ್ಣೆದುರೇ ತಂದು ನಿಲ್ಲಿಸಬಹುದು. ಅದರೊಡನೆ ಇನ್ನೊಂದು ಮಾತನ್ನೂ ಕಲಿಸಬಹುದು: ಎರಡು ಆಸರೆಗಳಿವೆಯೆಂಬ ಧೈರ್ಯ ಸಾಲದು; ಪ್ರತಿಯೊಂದೂ ತಾನೊಂದೇ ಭಾರವನ್ನು ಹೊರಬಲ್ಲುದೇ ಎಂದು ಆಗಾಗ ನೋಡುತ್ತಿರಬೇಕು. ನೋಡಬೇಕಾದ ಸ್ಥಳ ನೆಲ, ಆಕಾಶವಲ್ಲ.