ಮಳೆಗಾಲದಲ್ಲಿ ದನಕರುಗಳ ಚರ್ಮದ ಹುಣ್ಣು: ಗುರುತು ಮತ್ತು ಚಿಕಿತ್ಸೆ



ತೋಟಕ್ಕೆ ಗೊಬ್ಬರ, ಮನೆಗೆ ಹಾಲು ಇವೆರಡೂ ಕೊಟ್ಟಿಗೆಯಿಂದಲೇ ಬರತಕ್ಕವು. ಆದರೂ ಅಡಿಕೆಯ ಕೊಳೆರೋಗದ ಬಗ್ಗೆ ನಾವು ವಹಿಸುವ ಎಚ್ಚರದ ಕಾಲುಭಾಗವನ್ನೂ ದನದ ಮೈಮೇಲಿನ ಹುಣ್ಣಿನ ಬಗ್ಗೆ ವಹಿಸುವುದಿಲ್ಲ. ಕೊಳೆಗೆ ಕಾರಣ ಶಿಲೀಂಧ್ರದಂಥ ಸೂಕ್ಷ್ಮಜೀವಿ, ಹುಣ್ಣಿಗೆ ಕಾರಣ ಬಹುಮಟ್ಟಿಗೆ ಬ್ಯಾಕ್ಟೀರಿಯ. ಎರಡಕ್ಕೂ ಎಡೆಮಾಡಿಕೊಡುವುದು ಮಾತ್ರ ಒಂದೇ: ಬಿಡದೆ ನಿಂತ ತೇವ.

ಇದು ಮಲೆನಾಡಿಗಷ್ಟೇ ಸೇರಿದ ತೊಂದರೆಯಲ್ಲ. ನಮ್ಮ ಘಟ್ಟದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯವರೆಗೂ ಹರಿಯುತ್ತವೆ. ಹಚ್ಚೊಳ್ಳಿ ಆ ತಾಲೂಕಿನ ಹೋಬಳಿ ಕೇಂದ್ರ. ಅಲ್ಲಿ ಮಳೆ ಕಡಿಮೆಯಾದರೂ ಕಾಲುವೆ ನೀರಿನಿಂದ ಭತ್ತ ಬೆಳೆಯುವ ಸೀಮೆ ಅದು. ಗದ್ದೆಯ ಕೆಸರಿನಲ್ಲಿ ನಿಲ್ಲುವ ಎತ್ತಿನ ಗೊರಸಿಗೂ, ನಮ್ಮಲ್ಲಿ ಜಡಿಮಳೆಗೆ ನೆನೆಯುವ ಹಸುವಿನ ಬೆನ್ನಿಗೂ ರೋಗ ತಗಲುವ ಬಗೆ ಒಂದೇ.

ರೋಗ ಬರುವ ಬಗೆ

ಆರೋಗ್ಯವಂತ ದನದ ಚರ್ಮದ ಮೇಲೂ ಸ್ಟೆಫೈಲೊಕಾಕಸ್ ಮೊದಲಾದ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಚರ್ಮ ಗಟ್ಟಿಯಾಗಿರುವವರೆಗೆ ಅವುಗಳಿಂದ ಹಾನಿಯಿಲ್ಲ. ಚರ್ಮ ನೆನೆದು ಮೆತ್ತಗಾದಾಗ, ಉಣ್ಣೆ ಕಚ್ಚಿದಾಗ, ಮುಳ್ಳು ಗೀರಿದಾಗ ಅಥವಾ ಹಗ್ಗ ಉಜ್ಜಿದಾಗ ಅವು ಒಳಹೊಕ್ಕು ಕೀವು ಕಟ್ಟಿಸುತ್ತವೆ.

ಗುರುತಿಸುವುದು ಹೇಗೆ?

1. ಬೆನ್ನು, ಸೊಂಟದ ಮೇಲೆ ಕೂದಲು ಗೊಂಚಲಾಗಿ, ಒದ್ದೆ ಕುಂಚದಂತೆ ಅಂಟಿಕೊಂಡು, ಕೆಳಗೆ ದಪ್ಪ ಹಕ್ಕಳೆ ಕಟ್ಟಿದ್ದರೆ ಅದು ಡರ್ಮಟೊಫೈಲೋಸಿಸ್ ಇರಬಹುದು. ಇದನ್ನು 1915ರಲ್ಲಿ ಆಫ್ರಿಕದ ಕಾಂಗೊ ದೇಶದ ದನಗಳಲ್ಲಿ ಮೊದಲು ಗುರುತಿಸಲಾಯಿತು. ಉದುರಿದ ಹಕ್ಕಳೆಯಲ್ಲಿ ಈ ಜೀವಿ ತಿಂಗಳುಗಟ್ಟಲೆ ಬದುಕಿರಬಲ್ಲದು.

2. ಕೆಚ್ಚಲಿನ ಮೇಲೆ ಸಣ್ಣ ಕೀವುಗುಳ್ಳೆಗಳು. ಇವು ಹಾಲು ಕರೆಯುವವರ ಕೈಯಿಂದ ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡುತ್ತವೆ.

3. ಗೊರಸಿನ ಸಂದಿ ಊದಿ, ದುರ್ವಾಸನೆ ಬಂದು, ದನ ಕುಂಟುವುದು. ಇದು ಗೊರಸು ಕೊಳೆ.

4. ನಾಯಿಯ ಮೈಯಲ್ಲಿ ಕೂದಲುದುರಿ ಒಸರುವ ಕೆಂಪು ಹುಣ್ಣು. ಇದರ ಹಿಂದೆ ಅನೇಕ ವೇಳೆ ಚಿಗಟ, ಉಣ್ಣೆಗಳಿರುತ್ತವೆ.

ಮೋಸಗೊಳಿಸುವ ಹೋಲಿಕೆಗಳು

ಎಲ್ಲ ಹುಣ್ಣೂ ಬ್ಯಾಕ್ಟೀರಿಯದಿಂದ ಆದುದಲ್ಲ. ದುಂಡಗೆ, ಬೂದುಬಣ್ಣದ ಹೊಪ್ಪಳೆಯಾಗಿ ಕೂದಲುದುರಿದರೆ ಅದು ಶಿಲೀಂಧ್ರದ್ದಿರಬಹುದು. ಬಿಡದೆ ತುರಿಕೆಯಿದ್ದು ಚರ್ಮ ಮಡಿಕೆಗಟ್ಟಿದರೆ ನುಸಿಯಿಂದಾದ ಕಜ್ಜಿಯಿರಬಹುದು. 2022ರಲ್ಲಿ ನಮ್ಮ ರಾಜ್ಯದ ದನಗಳನ್ನು ಪೀಡಿಸಿದ ಚರ್ಮಗಂಟು ರೋಗಕ್ಕೆ ಕಾರಣ ವೈರಸ್. ಅದಕ್ಕೆ ಲಸಿಕೆಯೇ ರಕ್ಷಣೆ. ಅದರ ಗಂಟು ಒಡೆದು ಕೀವಾದಾಗ ಮಾತ್ರ ಆ್ಯಂಟಿಬಯೋಟಿಕ್ ಉಪಯೋಗಕ್ಕೆ ಬರುತ್ತದೆ.

ಕಾಫಿ ತೋಟದ ಬೇಲಿಯಲ್ಲಿ ಬೆಳೆಯುವ ಲಂಟಾನವನ್ನು ಇನ್ನೂ ಮುಖ್ಯವಾಗಿ ಗಮನಿಸಬೇಕು. ಅದನ್ನು ಮೇದ ದನದ ಪಿತ್ತಕೋಶ, ಯಕೃತ್ತು ಕೆಡುತ್ತವೆ. ಬಿಸಿಲು ಬಿದ್ದಾಗ ಮೈಯ ಬಿಳಿಯ ಭಾಗದ ಚರ್ಮ ಮಾತ್ರ ಸುಟ್ಟಂತಾಗಿ ಸುಲಿಯುತ್ತದೆ. ಕಪ್ಪು ಭಾಗ ಚೆನ್ನಾಗಿದ್ದು ಬಿಳಿ ಭಾಗ ಮಾತ್ರ ಕೆಟ್ಟಿದ್ದರೆ, ಕಣ್ಣು ಹಳದಿಯಾಗಿದ್ದರೆ, ದನವನ್ನು ನೆರಳಿಗೆ ಕಟ್ಟಿ ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಹುಣ್ಣಿಗೆ ಮುಲಾಮು ಹಚ್ಚುತ್ತ ಕುಳಿತರೆ ದನ ಉಳಿಯದು.

ಚಿಕಿತ್ಸೆ

ಮೊದಲ ಔಷಧ ಒಣ ಜಾಗ. ಹುಣ್ಣಿನ ಸುತ್ತಲಿನ ಕೂದಲು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಿಂದ ಹಕ್ಕಳೆಯನ್ನು ನೆನೆಸಿ ಮೆಲ್ಲಗೆ ತೆಗೆಯಬೇಕು. ಒಣಗಿ ಬಿಗಿಯಾಗಿರುವುದನ್ನು ಕಿತ್ತು ರಕ್ತ ಬರಿಸಕೂಡದು. ತೆಗೆದ ಹಕ್ಕಳೆಯನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಡಬೇಕು. ಬಳಿಕ ಪೊವಿಡೋನ್ ಅಯೋಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ತೊಳೆದು ಒಣಗಿಸಬೇಕು. ಈ ರೋಗಗಳಲ್ಲಿ ಕೆಲವು ಮನುಷ್ಯರಿಗೂ ಅಂಟತಕ್ಕವಾದುದರಿಂದ ಕೈಗವಸು ಹಾಕಿಕೊಳ್ಳಬೇಕು; ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಕೆಚ್ಚಲಿನಲ್ಲಿ ಗುಳ್ಳೆಯಿರುವ ಹಸುವನ್ನು ಕೊನೆಯಲ್ಲಿ ಕರೆಯಬೇಕು.

ಹುಣ್ಣು ಹರಡುತ್ತಿದ್ದರೆ, ಜ್ವರವಿದ್ದರೆ, ಮೇವು ಬಿಟ್ಟಿದ್ದರೆ ಇಂಜಕ್ಷನ್ ಬೇಕಾಗುತ್ತದೆ. ಪೆನಿಸಿಲಿನ್ ಕೊಡಬೇಕೋ, ಆಕ್ಸಿಟೆಟ್ರಾಸೈಕ್ಲಿನ್ ಕೊಡಬೇಕೋ, ಎಷ್ಟು, ಎಷ್ಟು ದಿನ ಎಂಬುದು ದನದ ತೂಕ ನೋಡಿ ವೈದ್ಯರು ಹೇಳತಕ್ಕ ಮಾತು. ಹುಣ್ಣು ಮಾಯುವಂತೆ ಕಂಡಿತೆಂದು ಎರಡನೆಯ ದಿನಕ್ಕೇ ನಿಲ್ಲಿಸಬಾರದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರಲ್ಲಿ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ಅರೆಬರೆ ಪ್ರಮಾಣದ ಔಷಧ ರೋಗಾಣುವನ್ನು ಕೊಲ್ಲದೆ ಪಳಗಿಸುತ್ತದೆಂದು ಎಚ್ಚರಿಸಿದ್ದರು. ಹಾಗೆ ಪಳಗಿದ ರೋಗಾಣು ನಾಳೆ ನಮ್ಮ ಮಕ್ಕಳ ಗಾಯಕ್ಕೂ ಸೇರಬಹುದು.

ಇಂಜಕ್ಷನ್ ಕೊಟ್ಟ ಹಸುವಿನ ಹಾಲನ್ನು ಔಷಧದ ಚೀಟಿಯಲ್ಲಿ ನಮೂದಿಸಿದಷ್ಟು ದಿನ ಮನೆಗೂ ಡೇರಿಗೂ ಉಪಯೋಗಿಸಬಾರದು. ಪೆನಿಸಿಲಿನ್ ಬೆರೆತ ಹಾಲು ಸರಿಯಾಗಿ ಹೆಪ್ಪುಗಟ್ಟುವುದೂ ಇಲ್ಲ. ಒಬ್ಬರ ಕ್ಯಾನಿನ ಹಾಲು ಇಡೀ ಊರಿನ ಹಾಲಿಗೆ ಕುತ್ತು ತರಬಲ್ಲದು.

ಉಗ್ರಾಣದ ಸರಕು ಔಷಧವಲ್ಲ

ಬೋರ್ಡೋ ಸಿಂಪಡಣೆಗೆಂದು ತಂದ ಮೈಲುತುತ್ತ ನಮ್ಮೆಲ್ಲರ ಮನೆಯಲ್ಲಿದೆ. ಗೊರಸು ಕೊಳೆಗೆ ಶೇಕಡ 5ರ ದ್ರಾವಣದಲ್ಲಿ, ಅಂದರೆ 10 ಲೀಟರ್ ನೀರಿಗೆ ಅರ್ಧ ಕಿಲೋ ಹಾಕಿ, ಕಾಲು ಅದ್ದಿಸುವ ಪದ್ಧತಿಯುಂಟು. ಆದರೆ ಅದನ್ನು ದನ ಕುಡಿಯದಂತೆ ಕಾಯಬೇಕು. ತಾಮ್ರ ಕುರಿಗಳಿಗಂತೂ ಬಹುಬೇಗ ವಿಷವಾಗುತ್ತದೆ. ಸುಣ್ಣ ಬೆರೆತ ಬೋರ್ಡೋ ದ್ರಾವಣವನ್ನೇ ಹುಣ್ಣಿಗೆ ಸುರಿಯುವುದು, ಸುಟ್ಟ ಎಂಜಿನ್ ಎಣ್ಣೆ ಬಳಿಯುವುದು, ತೋಟದ ಕೀಟನಾಶಕ ಹಚ್ಚುವುದು ಇವು ಸರ್ವಥಾ ಕೂಡದು. ದನ ತನ್ನ ಮೈಯನ್ನು ತಾನೇ ನೆಕ್ಕುತ್ತದೆ ಎಂಬುದನ್ನು ಮರೆಯಬಾರದು.

ಮುಂಜಾಗ್ರತೆ

ಮಳೆ ಹಿಡಿಯುವ ಮೊದಲೇ ಕೊಟ್ಟಿಗೆಯ ಮಾಡು ಸೋರದಂತೆ ಸರಿಪಡಿಸಿ, ಗಂಜಲ ಹರಿದುಹೋಗಲು ಕಾಲುವೆ ತೋಡಬೇಕು. ಸೊಪ್ಪಿನ ಹಾಸನ್ನು ಒದ್ದೆಯಾದೊಡನೆ ಬದಲಿಸಬೇಕು. ಹೊಸದಾಗಿ ಕೊಂಡುತಂದ ದನವನ್ನು ಎರಡು ಮೂರು ವಾರ ಬೇರೆ ಕಟ್ಟಬೇಕು. ವಾರಕ್ಕೊಮ್ಮೆ ಉಣ್ಣೆ ನೋಡಬೇಕು. ವೈದ್ಯರು ದೂರವಿದ್ದಲ್ಲಿ 1962 ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯ ಕೇಳಬಹುದು.

ಒಂದೆರಡು ದನ ಸಾಕುವ ಸಣ್ಣ ಬೆಳೆಗಾರನಿಗೆ ಒಂದು ಹಸು ಹೋದರೆ ಆ ವರ್ಷದ ಹಾಲೂ ಹೋಯಿತು, ಗೊಬ್ಬರವೂ ಹೋಯಿತು. ಮೈ ತೊಳೆಯುವಾಗ ಬೆನ್ನಿನ ಮೇಲೊಮ್ಮೆ ಕೈಯಾಡಿಸಿ ನೋಡಲು ಖರ್ಚೇನೂ ಇಲ್ಲ. ಸದಸ್ಯರೆಲ್ಲರೂ ಇದನ್ನು ರೂಢಿಮಾಡಿಕೊಳ್ಳಬೇಕೆಂದು ಕೋರುತ್ತೇವೆ.