ಫ್ಲಾರೆನ್ಸಿನ ಕವಿದಂಪತಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತುವವನು ಹೊಸ ನೆಲವನ್ನೂ ಹೊಸ ಜನರನ್ನೂ ಕಂಡು, ಆ ನೆನಪುಗಳೊಡನೆ ತನ್ನ ಮನೆಗೆ ಮರಳುತ್ತಾನೆ. ಆದರೆ ಪರದೇಶದಲ್ಲಿಯೇ ಒಲೆ ಹೂಡಿ ಬಾಳುವವರ ಪಾಡು ಬೇರೆ. ಅಲ್ಲಿಯ ಅಂಗಡಿಬೀದಿಯ ಬೆಲೆ ಅವರಿಗೆ ತಿಳಿದಿರಬೇಕು. ಅಲ್ಲಿಯ ಚಳಿಗೂ ಬಿಸಿಲಿಗೂ ಅವರ ಮೈ ಒಗ್ಗಬೇಕು. ಅಲ್ಲಿಯ ಜನರ ಸುಖದುಃಖಗಳಲ್ಲಿ ತಮ್ಮ ಪಾಲೆಷ್ಟು ಎಂಬುದನ್ನು ಅವರೇ ನಿರ್ಧರಿಸಿಕೊಳ್ಳಬೇಕು. ಹೀಗೆ 15 ವರ್ಷಗಳ ಕಾಲ ಇಟಲಿಯಲ್ಲಿ ಸಂಸಾರ ಹೂಡಿ, ಆ ನಾಡನ್ನು ತಮ್ಮದೆಂದೇ ಭಾವಿಸಿದ ಇಂಗ್ಲಿಷ್ ಕವಿದಂಪತಿಯೊಂದುಂಟು. ಅವರೇ ರಾಬರ್ಟ್ ಬ್ರೌನಿಂಗ್ ಮತ್ತು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್.

ರಾಬರ್ಟ್ ಬ್ರೌನಿಂಗನ ಕಾವ್ಯಲೋಕ ಕನ್ನಡಿಗರಿಗೆ ಪೂರ್ತಿ ಅಪರಿಚಿತವಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಓದಿ ನಲಿಯದ ಕನ್ನಡದ ಮಗುವುಂಟೆ? ಆ ಕಥನಕವನಕ್ಕೆ ಮೂಲಪ್ರೇರಣೆಯಾದುದು, ಹ್ಯಾಮಲಿನ್ ಪಟ್ಟಣದ ಇಲಿಗಳನ್ನೂ ಕೊಳಲೂದುವ ಜೋಗಿಯನ್ನೂ ಕುರಿತು 1842ರಲ್ಲಿ ಬ್ರೌನಿಂಗನು ಪ್ರಕಟಿಸಿದ ಕವಿತೆ.

ಎಲಿಜಬೆತ್ ಬ್ಯಾರೆಟ್ ಹುಟ್ಟಿದ್ದು 1806ರಲ್ಲಿ. ಎಳವೆಯಲ್ಲಿಯೇ ಗ್ರೀಕ್ ಭಾಷೆಯನ್ನು ಕಲಿತು, ಪದ್ಯ ಬರೆಯತೊಡಗಿದ ಈ ಹುಡುಗಿಯನ್ನು ಹದಿನೈದರ ಹರೆಯದಲ್ಲಿ ಕಾಯಿಲೆಯೊಂದು ಹಿಡಿಯಿತು. ಮುಂದೆ ಶ್ವಾಸಕೋಶಗಳೂ ದುರ್ಬಲವಾದುವು. 1840ರಲ್ಲಿ ಆಕೆಯ ಅಕ್ಕರೆಯ ತಮ್ಮ ಎಡ್ವರ್ಡನು ಸಮುದ್ರದಲ್ಲಿ ದೋಣಿ ಮುಳುಗಿ ತೀರಿಕೊಂಡನು. ಆ ಶೋಕದಿಂದ ಆಕೆ ಚೇತರಿಸಿಕೊಳ್ಳುವುದೇ ಕಷ್ಟವಾಯಿತು. ಲಂಡನ್ ನಗರದ ವಿಂಪೋಲ್ ಬೀದಿಯ ಮನೆಯಲ್ಲಿ ಒಂದು ಕೋಣೆ, ಒಂದು ಸೋಫಾ, ಒಂದಿಷ್ಟು ಪುಸ್ತಕಗಳು, ಗೆಳತಿಯೊಬ್ಬಳು ಕೊಟ್ಟ ಫ್ಲಷ್ ಎಂಬ ನಾಯಿ: ಇಷ್ಟೇ ಆಕೆಯ ಪ್ರಪಂಚ. ತಂದೆಗೆ ಮಗಳ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಆದರೆ ತನ್ನ ಮಕ್ಕಳಲ್ಲಿ ಯಾರೊಬ್ಬರೂ ಮದುವೆಯಾಗಕೂಡದೆಂಬುದು ಆತನ ಕಟ್ಟಪ್ಪಣೆ. ಆ ಅಪ್ಪಣೆಗೆ ಗಂಡುಮಕ್ಕಳು ಹೆಣ್ಣುಮಕ್ಕಳು ಎಂಬ ಭೇದವೂ ಇರಲಿಲ್ಲ.

1844ರಲ್ಲಿ ಆಕೆಯ ಕವಿತೆಗಳ ಸಂಪುಟ ಹೊರಬಂದು ಕೀರ್ತಿ ತಂದಿತು. ಅದನ್ನು ಓದಿ ಮೆಚ್ಚಿದ ರಾಬರ್ಟನು 1845ರ ಜನವರಿ 10ರಂದು ಆಕೆಗೆ ಮೊದಲ ಪತ್ರ ಬರೆದನು. ಅವನು ಆಕೆಗಿಂತ ಆರು ವರ್ಷ ಕಿರಿಯವನು. ಹೆಸರು ಮಾಡಲು ಇನ್ನೂ ಹೆಣಗುತ್ತಿದ್ದ ಕವಿ. ಅವರು ಮುಖಾಮುಖಿ ಕಂಡದ್ದು ಅದೇ ವರ್ಷದ ಮೇ ತಿಂಗಳಲ್ಲಿ. 20 ತಿಂಗಳ ಅವಧಿಯಲ್ಲಿ ಇಬ್ಬರ ನಡುವೆ 574 ಪತ್ರಗಳು ಓಡಾಡಿದುವು. ಚಳಿಗಾಲವನ್ನು ಇಟಲಿಯಂಥ ಬೆಚ್ಚನೆಯ ನಾಡಿನಲ್ಲಿ ಕಳೆಯುವುದು ಲೇಸೆಂದು ವೈದ್ಯರು ಹೇಳಿದಾಗಲೂ ತಂದೆ ಒಪ್ಪಲಿಲ್ಲ. ಕೊನೆಗೆ 1846ರ ಸೆಪ್ಟೆಂಬರ್ 12ರಂದು, ಮನೆಯವರಿಗೆ ತಿಳಿಯದಂತೆ, ಅವರಿಬ್ಬರೂ ಇಗರ್ಜಿಯಲ್ಲಿ ಮದುವೆಯಾದರು. ವಧು ಏನೂ ನಡೆಯದವಳಂತೆ ತಂದೆಯ ಮನೆಗೆ ಮರಳಿದಳು. ಒಂದು ವಾರ ಕಳೆದ ಮೇಲೆ, ಸೇವಕಿ ವಿಲ್ಸನ್ ಮತ್ತು ಫ್ಲಷ್ ನಾಯಿಯೊಡನೆ ಆ ಮನೆಯಿಂದ ಹೊರಬಿದ್ದಳು. ಮತ್ತೆಂದೂ ತಂದೆಯ ಮುಖವನ್ನು ಆಕೆ ಕಾಣಲಿಲ್ಲ.

ಪ್ಯಾರಿಸ್ಸಿನ ಮೂಲಕ ಪ್ರಯಾಣ ಸಾಗಿತು. ಕೋಣೆಯಿಂದ ಕೋಣೆಗೆ ನಡೆಯುವುದೇ ಕಷ್ಟವಾಗಿದ್ದವಳಿಗೆ ನೂರಾರು ಮೈಲಿಗಳ ಹಾದಿ! ದಕ್ಷಿಣ ಫ್ರಾನ್ಸಿನ ವೋಕ್ಲೂಸ್ ಎಂಬಲ್ಲಿ ಇಟಲಿಯ ಮಹಾಕವಿ ಪೆಟ್ರಾರ್ಕನು ವಾಸಿಸಿದ್ದ ತಾಣವನ್ನು ನೋಡಲು ಅವರು ನಿಂತರು. ಅಲ್ಲಿ ರಾಬರ್ಟನು ಹೆಂಡತಿಯನ್ನು ಎತ್ತಿಕೊಂಡು, ಹರಿಯುವ ತಿಳಿನೀರನ್ನು ದಾಟಿ, ನಡುವಿನ ಬಂಡೆಯ ಮೇಲೆ ಕುಳ್ಳಿರಿಸಿದನು. ಒಡತಿಯನ್ನು ಬಿಟ್ಟಿರಲಾರದ ಫ್ಲಷ್ ನೀರಿಗೆ ಹಾರಿ ಹಿಂಬಾಲಿಸಿತು. ಆ ಚಳಿಗಾಲವನ್ನು ಅವರು ಪೀಸಾ ನಗರದಲ್ಲಿ ಕಳೆದರು. ಹತ್ತಿರದ ಭೋಜನಶಾಲೆಯಿಂದ ಮಧ್ಯಾಹ್ನದ ಊಟ ಮನೆಗೆ ಬರುತ್ತಿತ್ತು, ಅಡುಗೆಯ ಚಿಂತೆಯಿರಲಿಲ್ಲ. ಎಲಿಜಬೆತ್ ದಿನದಿನಕ್ಕೂ ಶಕ್ತಿಗೂಡಿದಳು. ಆಕೆಯ ವಂಶದ ಸಿರಿ ಜಮೈಕಾ ದ್ವೀಪದ ಕಬ್ಬಿನ ತೋಟಗಳಿಂದ, ಗುಲಾಮರ ಬೆವರಿನಿಂದ ಬಂದುದು. ಗುಲಾಮಗಿರಿಯನ್ನು ಖಂಡಿಸುವ ಕವಿತೆಯೊಂದನ್ನು ಆಕೆ ಅಮೆರಿಕದ ಗುಲಾಮಗಿರಿ ವಿರೋಧಿಗಳಿಗೆ ಕಳುಹಿಸಿದ್ದು ಈ ಪೀಸಾ ನಗರದಿಂದಲೇ. ತಂದೆಯ ಮನೆಯಿಂದ ದೂರವಾದಂತೆಲ್ಲ ಆಕೆಯ ದನಿ ಗಟ್ಟಿಯಾಗುತ್ತ ಹೋಯಿತು.

1847ರ ವಸಂತದಲ್ಲಿ ದಂಪತಿ ಫ್ಲಾರೆನ್ಸಿಗೆ ಬಂದರು. ಆ ಬೇಸಗೆಯಲ್ಲಿ ವಲ್ಲೊಂಬ್ರೋಸಾ ಬೆಟ್ಟದ ಮಠದಲ್ಲಿ ಎರಡು ತಿಂಗಳು ತಂಗಬೇಕೆಂಬ ಆಸೆಯಿಂದ ಅಲ್ಲಿಗೆ ಹೊರಟರು. ಆದರೆ ಹೆಂಗಸರು ಅಲ್ಲಿ ಬಹುದಿನ ಇರಕೂಡದೆಂದು ಮಠಾಧಿಪತಿಯು ಕೆಲವೇ ದಿನಗಳಲ್ಲಿ ಅವರನ್ನು ಕಳುಹಿಸಿಬಿಟ್ಟನು. ಹಿಂದಿರುಗಿ ಬಂದು ಮನೆ ಹುಡುಕಿದಾಗ ದೊರೆತುದೇ ಕಾಸಾ ಗ್ವೀದಿ. ದೊರೆಯ ಅರಮನೆಯಾದ ಪಿಟ್ಟಿಯ ಸಮೀಪದಲ್ಲಿದ್ದ ಆ ಹಳೆಯ ದೊಡ್ಡ ಕಟ್ಟಡದ ಮೊದಲ ಅಂತಸ್ತಿನಲ್ಲಿ ಅವರ ಬಿಡಾರ. ಪೀಠೋಪಕರಣಗಳಿಲ್ಲದೆ ಬರಿಯ ಮನೆಯನ್ನಷ್ಟೇ ಹಿಡಿದುದರಿಂದ ಬಾಡಿಗೆ ವರ್ಷಕ್ಕೆ 25 ಗಿನಿಗಳು ಮಾತ್ರ. ಮೇಜು, ಕುರ್ಚಿ, ಹಳೆಯ ಚಿತ್ರಗಳನ್ನು ರಾಬರ್ಟನು ಒಂದೊಂದಾಗಿ ಕೊಂಡು ತಂದನು. ಮನೆಯ ಮುಂದಣ ಕಿರಿದಾದ ಮೊಗಸಾಲೆಯಲ್ಲಿ ಗಂಡಹೆಂಡಿರು ಸಂಜೆ ಅಡ್ಡಾಡುತ್ತಿದ್ದರು. ಎದುರಿನ ಸ್ಯಾನ್ ಫೆಲೀಚೆ ಇಗರ್ಜಿಯ ಗೀತೆಗಳು ಅಲ್ಲಿಗೆ ಕೇಳಿಬರುತ್ತಿದ್ದುವು. ಫ್ಲಾರೆನ್ಸಿನ ಜೀವನ ಲಂಡನ್ನಿನದಕ್ಕಿಂತ ಬಹಳ ಅಗ್ಗ. ಆದರೂ ಸಾಲವೆಂದರೆ ಅಂಜುತ್ತಿದ್ದ ರಾಬರ್ಟನು ಲೆಕ್ಕವನ್ನು ಅಂದಂದೇ ತೀರಿಸುತ್ತಿದ್ದನು. ಚಿಗಟಗಳ ಕಾಟ ತಾಳಲಾರದೆ ಫ್ಲಷ್ ನಾಯಿಯ ಕೂದಲನ್ನು ಕತ್ತರಿಸಿಹಾಕುವ ಕೆಲಸವೂ ಅವನ ಪಾಲಿಗೇ ಬಂದಿತು!

1849ರ ಮಾರ್ಚ್ 9ರಂದು ಅವರಿಗೆ ಗಂಡುಮಗು ಹುಟ್ಟಿತು. ಪೆನ್ ಎಂಬುದು ಅವನ ಮುದ್ದಿನ ಹೆಸರು. ಬದುಕುವುದೇ ಅನುಮಾನವೆನಿಸಿದ್ದ ರೋಗಿ 43ನೆಯ ವಯಸ್ಸಿನಲ್ಲಿ ತಾಯಿಯಾಗಿದ್ದಳು. ಆದರೆ ಅದೇ ತಿಂಗಳಲ್ಲಿ ಲಂಡನ್ನಿನಲ್ಲಿ ರಾಬರ್ಟನ ತಾಯಿ ತೀರಿಕೊಂಡ ಸುದ್ದಿ ಬಂದಿತು. ಮನೆಯಲ್ಲಿ ತೊಟ್ಟಿಲು ತೂಗುತ್ತಿರುವಾಗ ಕಡಲಾಚೆಯಿಂದ ಸಾವಿನ ಓಲೆ! ಪರದೇಶವಾಸಿಯ ದುಃಖದ ಬಗೆ ಇದು. ತಾಯಿಯ ಕೊನೆಯ ಗಳಿಗೆಯಲ್ಲಿ ಬಳಿಯಲ್ಲಿರುವ ಭಾಗ್ಯ ಅವನಿಗೆ ದೊರೆಯಲಿಲ್ಲ.

ಫ್ಲಾರೆನ್ಸಿನ ಬೇಸಗೆ ಬಹು ಬಿರುಸು. ಆದುದರಿಂದ ಅನುಕೂಲವುಳ್ಳವರು ಆ ತಿಂಗಳುಗಳಲ್ಲಿ ಬೆಟ್ಟಗಳಿಗೆ ಹೋಗುವುದು ವಾಡಿಕೆ. ಬ್ರೌನಿಂಗ್ ದಂಪತಿಯ ಪ್ರವಾಸಗಳೂ ಹೀಗೆ ಮೊದಲಾದುವು. 1848ರಲ್ಲಿ ತಂಪನ್ನರಸಿ ಪೂರ್ವದ ಕಡಲ ದಡದ ಫಾನೊ ಎಂಬ ಊರಿಗೆ ಹೋದರೆ, ಅಲ್ಲಿ ಹುಲ್ಲೂ ಒಣಗುವಂಥ ಬಿಸಿಲು. ಆದರೂ ಆ ಪ್ರಯಾಣ ವ್ಯರ್ಥವಾಗಲಿಲ್ಲ. ಅಲ್ಲಿಯ ಇಗರ್ಜಿಯಲ್ಲಿ ಕಂಡ ಗುವೆರ್ಚಿನೊ ಎಂಬ ಕಲಾವಿದನ ಚಿತ್ರವೊಂದು ರಾಬರ್ಟನ ಕವಿತೆಗೆ ವಸ್ತುವಾಯಿತು. ತಾಯಿಯನ್ನು ಕಳೆದುಕೊಂಡ ವರ್ಷ, ಗಂಡನ ಮನಸ್ಸು ತಿಳಿಯಾಗಲೆಂದು, ಎಲಿಜಬೆತ್ ಅವನನ್ನು ಬಾನ್ಯಿ ದಿ ಲುಕ್ಕಾ ಎಂಬ ಬಿಸಿನೀರಿನ ಬುಗ್ಗೆಗಳ ಗಿರಿಧಾಮಕ್ಕೆ ಹೊರಡಿಸಿದಳು. ಹಿಂದೆ ಮಹಡಿಯ ಮೆಟ್ಟಿಲಿಳಿಯಲೂ ಆಸರೆ ಬೇಕಾಗಿದ್ದವಳು ಅಲ್ಲಿ ಕತ್ತೆಯನ್ನೇರಿ, ಪ್ರಾತೊ ಫಿಯೊರಿತೊ ಎಂಬ ಹೂಗಾವಲಿನ ಬೆಟ್ಟದ ತುದಿಯವರೆಗೂ ಹೋಗಿಬಂದಳು. ಪ್ರೇಮದ ದಿನಗಳಲ್ಲಿ ಗುಟ್ಟಾಗಿ ಬರೆದಿಟ್ಟಿದ್ದ ಸುನೀತಗಳನ್ನು ಆಕೆ ಗಂಡನ ಕೈಗಿತ್ತದ್ದೂ ಅಲ್ಲಿಯೇ. ಅವುಗಳನ್ನು ಓದಿದ ರಾಬರ್ಟನು ಅಚ್ಚಿನಲ್ಲಿ ಬರಲೇಬೇಕೆಂದು ಒತ್ತಾಯಿಸಿದನು. 1850ರಲ್ಲಿ ಪ್ರಕಟವಾದ ಆ ಸುನೀತಗಳು ಆಂಗ್ಲ ಸಾಹಿತ್ಯದಲ್ಲಿ ಶಾಶ್ವತ ಸ್ಥಾನ ಪಡೆದುವು.

ಪ್ರವಾಸಗಳೆಲ್ಲವೂ ನಲಿವಿನಲ್ಲೇ ಮುಗಿಯುತ್ತಿರಲಿಲ್ಲ. 1853ರ ಚಳಿಗಾಲಕ್ಕೆ ಅವರು ರೋಮ್ ನಗರಕ್ಕೆ ಹೋದರು. ಅಮೆರಿಕದ ಶಿಲ್ಪಿ ಸ್ಟೋರಿ ಮತ್ತು ಅವನ ಹೆಂಡತಿ ಅವರಿಗಾಗಿ ಬಿಡಾರವನ್ನು ಸಜ್ಜುಗೊಳಿಸಿ ಕಾದಿದ್ದರು. ಇವರು ಬಂದಿಳಿದ ಮರುದಿನವೇ ಸ್ಟೋರಿ ದಂಪತಿಯ ಎಳೆಯ ಮಗನು ಜ್ವರದಿಂದ ತೀರಿಕೊಂಡನು. ರೋಮಿನ ಪುರಾತನ ವೈಭವವನ್ನು ನೋಡಲು ಬಂದವರು ಮೊದಲು ಕಂಡದ್ದು ಗೆಳೆಯರ ಮನೆಯ ಸಾವನ್ನು. ಬಂಧುಬಳಗದಿಂದ ದೂರವಿರುವವರಿಗೆ ನೆರೆಯವರೇ ಬಂಧುಗಳು. ರಾಬರ್ಟ್ ಮತ್ತು ಎಲಿಜಬೆತ್ ಆ ತಂದೆತಾಯಿಗಳ ಬಳಿ ನಿಂತರು. ಮುಂದೆ 1859ರಲ್ಲಿ, ಮನೆಯಿಂದ ಹೊರದೂಡಲ್ಪಟ್ಟ ವೃದ್ಧ ಕವಿ ಲ್ಯಾಂಡರನು ಫ್ಲಾರೆನ್ಸಿನ ಬೀದಿಯಲ್ಲಿ ನಿರ್ಗತಿಕನಾಗಿ ನಿಂತಾಗಲೂ ರಾಬರ್ಟನೇ ಅವನಿಗೆ ಆಸರೆಯಾದನು. ಲ್ಯಾಂಡರನ ಆರೈಕೆಯನ್ನು ವಹಿಸಿಕೊಂಡವಳು, ಅಷ್ಟು ಹೊತ್ತಿಗೆ ಇಟಲಿಯವನನ್ನೇ ಮದುವೆಯಾಗಿದ್ದ ಹಳೆಯ ಸೇವಕಿ ವಿಲ್ಸನ್.

ತವರಿನ ದಾರಿ ಮಾತ್ರ ಮುಚ್ಚಿಯೇ ಇತ್ತು. 1851ರಲ್ಲಿ ಅವರು ವೆನಿಸ್ ನಗರವನ್ನು ನೋಡಿಕೊಂಡು ಪ್ಯಾರಿಸ್ಸಿನ ಮೂಲಕ ಲಂಡನ್ನಿಗೆ ಬಂದರು. ಮೊಮ್ಮಗನ ಮುಖವನ್ನಾದರೂ ನೋಡಿ ತಂದೆಯ ಮನಸ್ಸು ಕರಗೀತೆಂದು ಎಲಿಜಬೆತ್ತಳ ಆಸೆ. ರಾಬರ್ಟನು ಮಾವನಿಗೆ ವಿನಯದಿಂದ ಪತ್ರ ಬರೆದನು. ಬಂದ ಉತ್ತರ ಕಠೋರವಾಗಿತ್ತು. ಅದರೊಡನೆ, ಐದು ವರ್ಷಗಳಿಂದ ಮಗಳು ಬರೆದಿದ್ದ ಕಾಗದಗಳ ಕಟ್ಟೂ ಬಂದಿತು. ಒಂದರ ಮುದ್ರೆಯೂ ಒಡೆದಿರಲಿಲ್ಲ! 1857ರಲ್ಲಿ ತಂದೆ ತೀರಿಕೊಂಡನು. ಕ್ಷಮೆಯ ಮಾತು ಕೊನೆಗೂ ಬರಲಿಲ್ಲ. ಮನೆಯ ಸುಖವನ್ನು ಪರದೇಶದಲ್ಲಿ ಪಡೆದವಳು ಅದಕ್ಕಾಗಿ ತೆತ್ತ ಬೆಲೆ ಇದು.

ಹೀಗೆ ನೆಲೆನಿಂತ ನಾಡು ಆಗ ಸ್ವತಂತ್ರವಾಗಿರಲಿಲ್ಲ. ಇಟಲಿ ಹಲವು ಸಂಸ್ಥಾನಗಳಾಗಿ ಒಡೆದುಹೋಗಿತ್ತು. ಉತ್ತರದಲ್ಲಿ ಆಸ್ಟ್ರಿಯದ ಪ್ರಾಬಲ್ಯವಿತ್ತು. 1847ರ ಸೆಪ್ಟೆಂಬರ್ 12ರಂದು, ಪೌರರಕ್ಷಣಾ ಪಡೆಯನ್ನು ಕಟ್ಟಿಕೊಳ್ಳಲು ದೊರೆಯು ಕೊಟ್ಟ ಅನುಮತಿಯನ್ನು ಸಂಭ್ರಮಿಸುತ್ತ ಜನಸಾಗರವೇ ಧ್ವಜಗಳೊಡನೆ ಕಾಸಾ ಗ್ವೀದಿಯ ಕಿಟಕಿಗಳ ಕೆಳಗೆ ಸಾಗಿತು. ಅಂದೇ ದಂಪತಿಯ ಮದುವೆಯ ಮೊದಲ ವಾರ್ಷಿಕೋತ್ಸವ. ಆದರೆ ಆ ಸಂಭ್ರಮ ಉಳಿಯಲಿಲ್ಲ. 1849ರಲ್ಲಿ ಅದೇ ಕಿಟಕಿಗಳಿಂದ ಆಸ್ಟ್ರಿಯದ ಸೈನ್ಯ ನಗರವನ್ನು ಹೊಗುವುದನ್ನು ಎಲಿಜಬೆತ್ ನೋಡಬೇಕಾಯಿತು. ಈ ಹರ್ಷವಿಷಾದಗಳೆರಡನ್ನೂ ಹಿಡಿದಿಟ್ಟ ಆಕೆಯ ಕಾವ್ಯ 1851ರಲ್ಲಿ ಪ್ರಕಟವಾಯಿತು. ಪರರಾಷ್ಟ್ರದ ರಾಜಕೀಯ ನಮಗೇಕೆ ಎಂದು ಆಕೆ ಸುಮ್ಮನಿರಬಹುದಾಗಿತ್ತು, ಆದರೆ ಹಾಗಿರಲಿಲ್ಲ. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಇಟಲಿಯನ್ನು ಬಿಡಿಸುವನೆಂದು ಆಕೆ ನಂಬಿದ್ದಳು. ರಾಬರ್ಟನಿಗೆ ಅಂಥ ನಂಬಿಕೆಯಿರಲಿಲ್ಲ. ಅಭಿಪ್ರಾಯಭೇದವಿದ್ದರೂ ಒಬ್ಬರು ಮತ್ತೊಬ್ಬರ ಬಾಯಿ ಮುಚ್ಚಿಸಲಿಲ್ಲ. 1859ರ ಜುಲೈಯಲ್ಲಿ, ಯುದ್ಧವನ್ನು ಅರ್ಧಕ್ಕೇ ಬಿಟ್ಟು ಆ ಚಕ್ರವರ್ತಿ ಆಸ್ಟ್ರಿಯದೊಡನೆ ಒಪ್ಪಂದ ಮಾಡಿಕೊಂಡಾಗ, ಆಘಾತದಿಂದ ಆಕೆ ಹಾಸಿಗೆ ಹಿಡಿದಳು.

ಕಡೆಗೆ 1861ರ ಮಾರ್ಚ್ 17ರಂದು ಇಟಲಿ ರಾಜ್ಯದ ಘೋಷಣೆಯಾಯಿತು. ಆ ಸಂತೋಷವನ್ನು ಬಹುಕಾಲ ಅನುಭವಿಸುವ ಯೋಗ ಎಲಿಜಬೆತ್ತಳಿಗಿರಲಿಲ್ಲ. ಜೂನ್ 29ರ ನಸುಕಿನಲ್ಲಿ, ಕಾಸಾ ಗ್ವೀದಿಯಲ್ಲಿಯೇ, ಗಂಡನ ತೋಳುಗಳಲ್ಲಿ ಆಕೆ ಕಣ್ಮುಚ್ಚಿದಳು. ಫ್ಲಾರೆನ್ಸಿನ ಮಣ್ಣೇ ಆಕೆಯನ್ನು ಒಡಲಲ್ಲಿ ಇಟ್ಟುಕೊಂಡಿತು. ರಾಬರ್ಟನು ಮಗನೊಡನೆ ಲಂಡನ್ನಿಗೆ ತೆರಳಿದನು. ಮುಂದೆ ಇಟಲಿಗೆ ಹಲವು ಬಾರಿ ಬಂದರೂ ಫ್ಲಾರೆನ್ಸಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಅವನು ಕೊನೆಯುಸಿರೆಳೆದುದು 1889ರ ಡಿಸೆಂಬರ್ 12ರಂದು, ವೆನಿಸ್ಸಿನಲ್ಲಿ. ಹೆಂಡತಿ ಮಲಗಿದ್ದ ಸ್ಮಶಾನದಲ್ಲಿ ಅಷ್ಟು ಹೊತ್ತಿಗೆ ಹೊಸ ಸಮಾಧಿಗಳಿಗೆ ಅವಕಾಶವಿರಲಿಲ್ಲ. ಅವನ ಸಮಾಧಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿದೆ.

ಎಲಿಜಬೆತ್ತಳ ಕಾವ್ಯವು ಇಟಲಿ ಇಂಗ್ಲೆಂಡುಗಳನ್ನು ಕೂಡಿಸುವ ಹೊನ್ನಿನ ಉಂಗುರವಾಯಿತೆಂಬ ಭಾವದ ಶಿಲಾಫಲಕವೊಂದನ್ನು ಫ್ಲಾರೆನ್ಸಿನ ಜನ ಕಾಸಾ ಗ್ವೀದಿಯ ಗೋಡೆಗೆ ಕೃತಜ್ಞತೆಯಿಂದ ಇರಿಸಿದ್ದಾರೆ. ಪರದೇಶಕ್ಕೆ ಹೋದವರೆಲ್ಲರಿಗೂ ಇಂಥ ಗೌರವ ಸಲ್ಲುವುದಿಲ್ಲ. ಆ ನಾಡಿನ ಹವೆಯನ್ನೂ ಅಗ್ಗದ ಜೀವನವನ್ನೂ ಅನುಭವಿಸಿ ತಮ್ಮ ಪಾಡಿಗೆ ತಾವಿದ್ದ ಪರದೇಶೀಯರು ಆಗಲೂ ಫ್ಲಾರೆನ್ಸಿನಲ್ಲಿ ಅನೇಕರಿದ್ದರು. ಈಕೆಯಾದರೋ, ತನಗೆ ಉಸಿರು ಕೊಟ್ಟ ನೆಲದ ಋಣವನ್ನು ಮರೆಯದೆ, ಅದರ ನೋವನ್ನು ತನ್ನ ನೋವಾಗಿಸಿಕೊಂಡಳು. ಇರುವ ನೆಲದ ಋಣವನ್ನು ತೀರಿಸಬಲ್ಲವರಿಗೆ ಯಾವ ದೇಶವೂ ಪರದೇಶವಲ್ಲ.

ಶಬ್ದಾರ್ಥ

ಕಟ್ಟಪ್ಪಣೆ – ಮೀರಬಾರದ ಆಜ್ಞೆ. ಇಗರ್ಜಿ – ಕ್ರೈಸ್ತರ ಪ್ರಾರ್ಥನಾಮಂದಿರ. ಗಿನಿ – ಇಂಗ್ಲೆಂಡಿನ ಹಳೆಯ ನಾಣ್ಯ, ಹಣದ ಒಂದು ಮಾನ. ಸುನೀತ – ಹದಿನಾಲ್ಕು ಸಾಲುಗಳ ಕವಿತೆ. ನಿರ್ಗತಿಕ – ದಿಕ್ಕಿಲ್ಲದವನು.

ಅಭ್ಯಾಸ

1. ಎಲಿಜಬೆತ್ ತಂದೆಯ ಮನೆಯನ್ನು ಬಿಡಬೇಕಾದುದು ಏಕೆ? ಅದಕ್ಕಾಗಿ ಆಕೆ ತೆತ್ತ ಬೆಲೆ ಯಾವುದು?
2. ಬಾನ್ಯಿ ದಿ ಲುಕ್ಕಾ ಪ್ರವಾಸವು ದಂಪತಿಯ ಬಾಳಿನಲ್ಲಿ ಏಕೆ ಮುಖ್ಯವಾದುದು?
3. 'ಬಂಧುಬಳಗದಿಂದ ದೂರವಿರುವವರಿಗೆ ನೆರೆಯವರೇ ಬಂಧುಗಳು.' ಈ ಮಾತನ್ನು ಪಾಠದ ಎರಡು ನಿದರ್ಶನಗಳಿಂದ ಸಮರ್ಥಿಸಿರಿ.
4. ಕಾಸಾ ಗ್ವೀದಿಯ ಕಿಟಕಿಗಳಿಂದ ಎಲಿಜಬೆತ್ ಕಂಡ ಎರಡು ದೃಶ್ಯಗಳನ್ನು ಹೋಲಿಸಿ ಬರೆಯಿರಿ.
5. ನಿಮ್ಮ ಊರಿಗೆ ಹೊರಗಿನಿಂದ ಬಂದು ನೆಲೆಸಿದ ಒಂದು ಕುಟುಂಬದವರನ್ನು ಮಾತನಾಡಿಸಿ, ಅವರ ಅನುಭವಗಳನ್ನು ಕುರಿತು ಒಂದು ಪುಟ ಬರೆಯಿರಿ.