ಕೆಲಸ ಬಿಡಿ, ಅವರ ಕಾಗದಕ್ಕೆ ಸಹಿ ಹಾಕಬೇಡಿ

ಇಂಡಿ, ಚಡಚಣ, ಆಳಂದದ ಕಡೆಯಿಂದ ಬಾರಾಮತಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ಹುಡುಗರು ವಕೀಲರ ಬಾಗಿಲಿಗೆ ಬರುವುದು ಕೆಲಸ ಬಿಟ್ಟ ಮೇಲೆ. "ನಾಕು ವರ್ಷದಿಂದ ಬರೇ ರಾತ್ರಿಪಾಳಿ, ಮ್ಯಾಲೆ ಸೂಪರ್‌ವೈಸರನ ಬೈಗುಳ. ಸಾಕಾಗಿ ಬಿಟ್ಟೆರಿ" ಅನ್ನುತ್ತಾರೆ. ಬಿಟ್ಟದ್ದು ತಪ್ಪಲ್ಲ. ಏನಾದರೂ ಸಹಿ ಮಾಡಿದ್ದೀಯಾ ಎಂದು ಕೇಳಿದರೆ ಮಾತ್ರ ತಲೆ ಕೆಳಗೆ: "ಮರಾಠಿಯೊಳಗ ಒಂದು ಕಾಗದ ಇತ್ತರಿ."

ಆ ಕಾಗದದಲ್ಲಿ ಇರುವುದು ಹೆಚ್ಚೂಕಡಿಮೆ ಇಷ್ಟೇ: ನಾನು ವೈಯಕ್ತಿಕ ಕಾರಣಕ್ಕೆ ಸ್ವಖುಷಿಯಿಂದ ಕೆಲಸ ಬಿಡುತ್ತಿದ್ದೇನೆ, ನನ್ನ ಪೂರ್ತಿ ಹಿಶೋಬು ಮುಟ್ಟಿದೆ, ಇನ್ನಾವ ಬಾಕಿಯೂ ಇಲ್ಲ. ಕೆಳಗೆ ತಾರೀಖಿನ ಜಾಗ ಖಾಲಿ. ಆ ಖಾಲಿ ಜಾಗವನ್ನು ಠೇಕೆದಾರ ತನಗೆ ಬೇಕಾದಾಗ ತುಂಬಿಕೊಳ್ಳುತ್ತಾನೆ. ಕೆಲವರು ಹನ್ನೊಂದು ತಿಂಗಳಿಗೊಮ್ಮೆ ಇದೇ ಕಾಗದಕ್ಕೆ ಸಹಿ ಹಾಕಿಸಿ, ಮರುದಿನ ಬೇರೆ ಹೆಸರಿನ ಏಜೆನ್ಸಿಯಲ್ಲಿ ಹೊಸಬನೆಂದು ಸೇರಿಸುತ್ತಾರೆ. ಮಶೀನು ಅದೇ, ಮನುಷ್ಯ ಅವನೇ. ಸೇವೆ ಮಾತ್ರ ಸೊನ್ನೆಯಿಂದ ಶುರು.

ಇದರಿಂದ ಹೋಗುವುದು ಗ್ರಾಚ್ಯುಟಿ. ಐದು ವರ್ಷ ಸತತ ಸೇವೆಯಾದರೆ, ರಾಜೀನಾಮೆ ಕೊಟ್ಟರೂ, ವರ್ಷಕ್ಕೆ ಹದಿನೈದು ದಿನದ ವೇತನ ಬರಬೇಕು. ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನ 13,000 ರೂಪಾಯಿ ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ: ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ನಾಲ್ಕು ವರ್ಷ ಎಂಟು ತಿಂಗಳಿಗೆ ಸಿಟ್ಟಿನಿಂದ ಬಿಟ್ಟವನು ಇದನ್ನು ಠೇಕೆದಾರನಿಗೆ ಆಯೇರಿ ಮಾಡಿ ಬಂದಂತೆ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕೆಂದು ಮದ್ರಾಸ್ ಹೈಕೋರ್ಟ್ ಹೇಳಿದೆ, ನಿಜ. ಆದರೆ ಅದನ್ನು ನಂಬಿ ಬಿಡಬೇಡಿ; ಕೋರ್ಟಿಗೆ ಅಲೆಯುವುದಕ್ಕಿಂತ ನಾಲ್ಕು ತಿಂಗಳು ಹಲ್ಲು ಕಚ್ಚಿ ದುಡಿಯುವುದೇ ಅಗ್ಗ. ನೇಮಕಾತಿ ಪತ್ರದಲ್ಲೇ ಮುಗಿಯುವ ತಾರೀಖಿದ್ದರೆ ಮಾತು ಬೇರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಂಥ ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಹಕ್ಕು ಹುಟ್ಟುತ್ತದೆ. ಪತ್ರವನ್ನೇ ಕೊಟ್ಟಿಲ್ಲವೇ? ಕೇಳಿ, ಅದೂ ನಿಮ್ಮ ಹಕ್ಕು.

ಬಿಡುವುದೇ ಆದರೆ ರಾಜೀನಾಮೆಯನ್ನು ನೀವೇ ಬರೆಯಿರಿ, ಎರಡು ಪ್ರತಿ. ನೋಟಿಸ್ ಅವಧಿ ಎಷ್ಟೆಂದು ನೋಡಿಕೊಂಡು ಕೊನೆಯ ದಿನ ನಮೂದಿಸಿ. ಬೈಗುಳಕ್ಕೆ ಬೇಸತ್ತು ಬಿಡುತ್ತಿದ್ದರೆ ಅದನ್ನೇ ಬರೆಯಿರಿ. 'ವೈಯಕ್ತಿಕ ಕಾರಣ' ಎಂದು ಅವರಿಗೆ ಅನುಕೂಲ ಮಾಡಿಕೊಡಬೇಡಿ. ಆಫೀಸಿನಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಹೇಳದೆ ಕೇಳದೆ ಊರಿಗೆ ಬಸ್ಸು ಹತ್ತಿದರೆ 'ಗೈರುಹಾಜರಿ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಕೊಟ್ಟ ಮೇಲೆ ಮನಸ್ಸು ಬದಲಾಯಿತೇ? ರಾಜೀನಾಮೆ ಜಾರಿಗೆ ಬರುವ ಮುನ್ನ ಹಿಂಪಡೆಯಬಹುದು. ಕೊಂಕಣ ರೈಲ್ವೆಯ ನೌಕರರೊಬ್ಬರ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಾಂಡ್ ಬರೆದುಕೊಟ್ಟವರು ಮಾತ್ರ ಹುಷಾರು. ಬಾಂಡ್ ಇದೆಯೆಂದು ನಿಮ್ಮನ್ನು ಹಿಡಿದು ದುಡಿಸುವಂತಿಲ್ಲ, ಆದರೆ ದುಡ್ಡು ಕೇಳಬಹುದು. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೊದಲೇ ಬಿಟ್ಟವರು ಎರಡು ಲಕ್ಷ ಕೊಡಬೇಕೆಂಬ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು.

ಕೊನೆಯ ಪಗಾರ ಎರಡು ಕೆಲಸದ ದಿನಗಳೊಳಗೆ ಬರಬೇಕು ಎನ್ನುತ್ತದೆ ವೇತನ ಸಂಹಿತೆ. "ಮುಂದಿನ ತಿಂಗಳ ಹತ್ತಕ್ಕೆ ಬಾ" ಎನ್ನುವ ಗುಮಾಸ್ತನಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಠೇಕೆದಾರ ಓಡಿಹೋದರೆ ಪಗಾರದ ಹೊಣೆ ಮೂಲ ಕಂಪನಿಯದು. ಗೇಟಿನಲ್ಲಿ "ನೀ ನಮ್ಮ ಮನುಷ್ಯನೇ ಅಲ್ಲ" ಅಂದರೆ ವಾಪಸ್ ಬರಬೇಡಿ, ಪುಣೆಯ ಕಾರ್ಮಿಕ ಇಲಾಖೆಗೆ ಬರೆದುಕೊಡಿ. ದುಡ್ಡು ಕೊಡುವಾಗ ಅವರದೇ ಕಾಗದಕ್ಕೆ ಸಹಿ ಬೇಕೆಂದು ಹಟ ಹಿಡಿದರೆ, ಸಹಿಯ ಪಕ್ಕದಲ್ಲಿ ಕನ್ನಡದಲ್ಲೇ ಬರೆಯಿರಿ: 'ಇಷ್ಟು ರೂಪಾಯಿ ಪಡೆದದ್ದಕ್ಕೆ ಮಾತ್ರ ಸಹಿ, ಗ್ರಾಚ್ಯುಟಿ ಬಾಕಿ ಇದೆ.' ತಾರೀಖು ಹಾಕಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಐದು ವರ್ಷ ತುಂಬಿದ್ದವರು ಈಗಾಗಲೇ ಸಹಿ ಹಾಕಿದ್ದರೂ ಹೆದರಬೇಡಿ. 'ಬಾಕಿ ಇಲ್ಲ' ಎಂಬ ಬರಹದಿಂದ ಗ್ರಾಚ್ಯುಟಿ ಸಾಯುವುದಿಲ್ಲ. ಕೆಲಸ ಬಿಟ್ಟ ಮೂವತ್ತು ದಿನದೊಳಗೆ ಅರ್ಜಿ ಹಾಕಿ. ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗದು.

ಹೆಣ್ಣುಮಕ್ಕಳಿಗೆ ಒಂದು ಮಾತು. ಲೈಂಗಿಕ ಕಿರುಕುಳಕ್ಕೆ ರೋಸಿ ಕೆಲಸ ಬಿಟ್ಟಿದ್ದರೂ ಕಂಪನಿಯ ಆಂತರಿಕ ದೂರು ಸಮಿತಿಗೆ ದೂರು ಕೊಡಬಹುದು. ಘಟನೆಯಿಂದ ಮೂರು ತಿಂಗಳು ಗಡುವು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.

ಪಿಎಫ್ ತೆಗೆಸಿಕೊಡುತ್ತೇನೆಂದು ಬರುವ ಏಜೆಂಟರನ್ನು ದೂರ ಇಡಿ. ಹೊಸ ಕೆಲಸ ಸಿಕ್ಕರೆ ವರ್ಗಾಯಿಸಿ, ತೆಗೆಯಬೇಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಕೂಡಬೇಕು. ಕಂಪನಿ ನಿಮ್ಮ ಕೊನೆಯ ದಿನಾಂಕ ತುಂಬದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ಪೋರ್ಟಲಿನಲ್ಲಿ ನೀವೇ ತುಂಬಬಹುದು. ಹೆಸರಿನ ತೊಡಕೇ ದೊಡ್ಡದು. ಇಲ್ಲಿನ ಆಫೀಸುಗಳಲ್ಲಿ ನಮ್ಮವರ ಹೆಸರಿನ ನಡುವೆ ಮರಾಠಿ ಪದ್ಧತಿಯಂತೆ ಅಪ್ಪನ ಹೆಸರು ಸೇರಿಸುತ್ತಾರೆ. ಆಧಾರಿನಲ್ಲಿ ಅದಿರುವುದಿಲ್ಲ, ಅರ್ಜಿ ತಿರಸ್ಕಾರವಾಗುತ್ತದೆ. ತಿದ್ದುಪಡಿಗೆ ಬಹಳ ಸಲ ಮಾಲೀಕನ ಒಪ್ಪಿಗೆಯೂ ಬೇಕಾಗುತ್ತದೆ. ಹಾಗಾಗಿ ರಾಜೀನಾಮೆ ಕೊಡುವ ಮೊದಲು, ಅವರಿಗೆ ಇನ್ನೂ ನಿಮ್ಮ ಅಗತ್ಯವಿರುವಾಗಲೇ, ಇದನ್ನು ಮುಗಿಸಿಕೊಳ್ಳಿ.